ಅಳತೆ ತಪ್ಪದ ಪೊಟ್ಯಾಸಿಯಂ

"ಇದೆಲ್ಲ ಹಿಂದುಮುಂದಾಗಿದೆ."

ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು ಮರದ ಗುಂಡುಗಳ ಪೆಟ್ಟಿಗೆಯನ್ನು ಎದುರಿಗಿಟ್ಟಾಗ ಅವಳು ಲೇತ್ ಯಂತ್ರ ನಿಲ್ಲಿಸಿದಳು. ಅಪ್ಪನ ಜೊತೆ ಮರ ಕಡೆಯುತ್ತ ಬೆಳೆದವಳು. ಅವಳು ಕಡೆದದ್ದು ತಪ್ಪೆಂದು ಇದುವರೆಗೆ ಯಾರೂ ಅಂದಿರಲಿಲ್ಲ.

"ಪರಮಾಣುಗಳ ಮಾದರಿ ಬೇಕು ಅಂದ್ರಿ. ತೂಕ ಏರಿದ ಹಾಗೆ ಗಾತ್ರಾನೂ ಏರಿಸಿದೀನಿ. ತಪ್ಪೇನು ಮೇಷ್ಟ್ರೇ?"

"ಎಲ್ಲರೂ ಹಾಗೇ ಅಂದ್ಕೊಳ್ಳೋದು." ಆತ ಗುಂಡುಗಳನ್ನು ಸಾಲಾಗಿ ಜೋಡಿಸಿದ. "ಆವರ್ತ ಕೋಷ್ಟಕದ ಸಾಲಲ್ಲಿ ಎಡದಿಂದ ಬಲಕ್ಕೆ ಹೋದ ಹಾಗೆ ನಡುವಿನ ಸೆಳೆತ ಜಾಸ್ತಿ, ಸುತ್ತಲಿನ ಎಲೆಕ್ಟ್ರಾನ್‌ಗಳನ್ನೆಲ್ಲ ಒಳಕ್ಕೆ ಎಳ್ಕೊಳ್ಳುತ್ತೆ. ಅದಕ್ಕೇ ಸೋಡಿಯಂ ದೊಡ್ಡದು, ಅದೇ ಸಾಲಿನ ಕ್ಲೋರಿನ್ ಚಿಕ್ಕದು. ಕೆಳಗಿಳಿದ್ರೆ ಹೊರಗೊಂದು ಹೊಸ ಸುತ್ತು ಸೇರುತ್ತೆ. ಸೋಡಿಯಂ ಕೆಳಗಿನ ಪೊಟ್ಯಾಸಿಯಂ ಇನ್ನೂ ದೊಡ್ಡದು."

"ನಮ್ಮ ದೊಡ್ಡಮ್ಮ ಬಂದು ನಡುಮನೇಲಿ ಕೂತ್ರೆ ಎಲ್ಲರೂ ಹತ್ತಿರ ಸರಿದು ಕೂರ್ತೀವಲ್ಲ, ಹಾಗೆ ಅನ್ನಿ."

ಆತ ನಕ್ಕ. ಅವಳು ನಗಲಿಲ್ಲ. ಆದರೆ ಮುನಿಸು ಕರಗಿತ್ತು.

ದೊಡ್ಡ ಗುಂಡನ್ನು ಕಡೆದು ಚಿಕ್ಕದು ಮಾಡಬಹುದು, ಚಿಕ್ಕದನ್ನು ಹಿಗ್ಗಿಸಲಾಗದು. ಎಡಗಡೆಯವಕ್ಕೆಲ್ಲ ಹೊಸ ಮರವೇ ಬೇಕಾಯಿತು. ಆತ ದಿನಾ ಸಂಜೆ ಬಂದು ಅಳತೆ ಹಿಡಿದ. ಬರುಬರುತ್ತ ಅಳತೆಗಿಂತ ಮಾತೇ ಹೆಚ್ಚಾಯಿತು. ಕೆಲಸ ಮುಗಿದ ದಿನ, "ಇನ್ನು ನಿಮಗೆ ನನ್ನ ತೊಂದರೆ ಇಲ್ಲ" ಎಂದು ಪೆಟ್ಟಿಗೆ ಹೊತ್ತು ಹೋದ.

ಅಷ್ಟೇನಾ... ಗುಂಡು ಮುಗಿದರೆ ನಾನೂ ಮುಗಿದೆನಾ?

ವಾರ ಕಳೆದ ಮೇಲೆ ಅಪ್ಪ ಮುಖ ಗಂಟಿಕ್ಕಿಕೊಂಡು ಬಂದರು. "ಮೇಷ್ಟ್ರು ದಾರೀಲಿ ಸಿಕ್ಕಿದ್ರು. ಪೊಟ್ಯಾಸಿಯಂ ಅಳತೆ ತಪ್ಪಿದೆಯಂತೆ, ನೀನೇ ಬಂದು ನೋಡ್ಬೇಕಂತೆ. ಯಾಕೋ ನಿನ್ನ ಕೈ ಹದ ತಪ್ತಾ ಇದೆ ಮಗಳೇ."

ಆ ಮಾತು ಎದೆಗೆ ನಾಟಿತು. ನೇರ ಶಾಲೆಯ ಪ್ರಯೋಗಾಲಯಕ್ಕೆ ಹೋದವಳು ಗುಂಡನ್ನು ಮತ್ತೆ ಮತ್ತೆ ಅಳೆದಳು.

"ಸರಿಯಾಗೇ ಇದೆ."

"ಗೊತ್ತು." ಆತ ತಲೆ ತಗ್ಗಿಸಿದ. "ನಿಮ್ಮನ್ನ ನೋಡ್ಬೇಕಿತ್ತು. ಬೇರೆ ನೆಪ ಹೊಳೀಲಿಲ್ಲ."

ಅವಳ ಒಳಗೆ ಏನೋ ತಣ್ಣಗಾಯಿತು... ಆದರೂ ನೋವು ಹೋಗಲಿಲ್ಲ.

"ನೆಪಕ್ಕೆ ನನ್ನ ಕೆಲಸಾನೇ ಬೇಕಿತ್ತಾ? ಅಪ್ಪನ ಮುಂದೆ ನಾನು ಕೈ ಹದ ತಪ್ಪಿದವಳಾದೆ."

ಆತ ಕೂಡಲೇ ಅವಳ ಜೊತೆ ಹೊರಟ. ಅಪ್ಪನೆದುರು ನಿಂತ.

"ಅವರ ಅಳತೆ ಸರಿ ಇತ್ತು. ಸುಳ್ಳು ಹೇಳಿದ್ದು ನಾನು. ನಂಗೆ... ನಿಮ್ಮ ಮಗಳು ಅಂದ್ರೆ ಇಷ್ಟ."

ಅಪ್ಪ ಉಳಿ ಕೆಳಗಿಟ್ಟು ಮಗಳ ಮುಖವನ್ನು ನೋಡಿದರು. "ಗುಂಡಿನ ವಿಷಯ ನಂಗೆ ಹೇಳಿದ್ರಿ, ಆಯ್ತು. ಇನ್ನೊಂದನ್ನ ಅವಳನ್ನೇ ಕೇಳಿ," ಎಂದು ಹೊರಗೆ ಹೋದರು.

"ಕೇಳ್ಲಾ?"

"ಬೇಗ ಕೇಳಿ," ಎಂದಳು ಅವಳು ಮೆಲ್ಲಗೆ. "ಅಪ್ಪ ಬಾಗಿಲ ಹಿಂದೇನೇ ನಿಂತಿದಾರೆ."