ಉಬ್ಬಿದ ಕೆನ್ನೆಯ ಸೈನಿಕ

"ಅಯ್ಯೋ, ಇವ್ರಿಗೂ ಮಂಗನಬಾವಾ?" ಅಣ್ಣ ಬಿದ್ದು ಬಿದ್ದು ನಕ್ಕ.

ಪಿಟೀಲು ತಾನು ಬರೆದ ಚಿತ್ರವನ್ನು ನೋಡಿದಳು. ಕನ್ನಡಿ ನೋಡಿದಳು. ಎರಡರಲ್ಲೂ ಅದೇ ಊದಿದ ಕೆನ್ನೆ!

ಸಣ್ಣ ನೋವಿಗೂ ದಿನವಿಡೀ ಕುಂಯ್ ಕುಂಯ್ ಎನ್ನುತ್ತಾಳೆಂದು ಮನೆಯವರು ಅವಳಿಗೆ ಇಟ್ಟ ಹೆಸರು ಪಿಟೀಲು. ಈಗಂತೂ ಮಂಗನಬಾವು ಬಂದು, ನೀರು ನುಂಗಿದರೂ ನೋವು. ನಾಲ್ಕು ದಿನದಿಂದ ಸ್ಕೂಲಿಗೆ ರಜೆ. ಕುಂಯ್ ಕುಂಯ್‌ಗೆ ಮಾತ್ರ ರಜೆ ಇರಲಿಲ್ಲ.

ಯುದ್ಧದಲ್ಲಿ ಸತ್ತವರ ಚಿತ್ರಗಳನ್ನು ನಾಳೆ ಸ್ಕೂಲಿನ ಗೋಡೆಗೆ ಅಂಟಿಸುತ್ತಾರೆ. ಅದಕ್ಕೆಂದು ಮಿಸ್ ಹೋದ ವಾರವೇ ಎಲ್ಲರಿಗೂ ಒಂದೊಂದೇ ದಪ್ಪ ಹಾಳೆ ಕೊಟ್ಟಿದ್ದರು. ಪಿಟೀಲು ಬರೆಯಬೇಕಾಗಿದ್ದು ಅಜ್ಜಿಯ ಅಣ್ಣನನ್ನು. ಹತ್ತೊಂಬತ್ತನೇ ವಯಸ್ಸಿಗೇ ಯುದ್ಧಕ್ಕೆ ಹೋದವರು ವಾಪಸ್ ಬರಲಿಲ್ಲ. ಅವರದೊಂದು ಫೋಟೋ ಕೂಡ ಉಳಿದಿರಲಿಲ್ಲ.

"ಥೇಟ್ ನಿನ್ನ ಮುಖವೇ ಕಣೇ," ಎಂದಿದ್ದರು ಅಜ್ಜಿ. ಅದಕ್ಕೇ ಅವಳು ಕನ್ನಡಿ ಮುಂದೆ ಕೂತು, ಕಂಡದ್ದನ್ನು ಕಂಡ ಹಾಗೇ ಬರೆದಿದ್ದಳು.

ಅವಳು ಅಂಥಿಂಥ ಕಲಾವಿದೆಯಲ್ಲ. ಹೋದ ವರ್ಷ ಬರೆದ ಹಸುವನ್ನು ನೋಡಿ ಮಿಸ್ "ಸೋಫಾ ಚೆನ್ನಾಗಿದೆ" ಎಂದಿದ್ದರು. ಈ ಸಲ ಎಲ್ಲಾ ಬಿಟ್ಟು ಕೆನ್ನೆಗಳೇ ಅಷ್ಟು ಸರಿಯಾಗಿ ಬರಬೇಕೇ! ಅದೂ ಅಳಿಸಲಾಗದ ಕಪ್ಪು ಮಾರ್ಕರಿನಲ್ಲಿ.

"ಬುದ್ಧಿವಂತೆ ಅಂದ್ರೆ ನಾನೇ," ಎಂದು ಹಣೆ ಚಚ್ಚಿಕೊಂಡಳು. ಅದಕ್ಕೂ ಕೆನ್ನೆ ನೋಯಿತು.

ಅಜ್ಜಿಯ ಅಣ್ಣನನ್ನು ಜೋಕರ್ ಮಾಡಿಬಿಟ್ಟೆನಲ್ಲ! ಅಜ್ಜಿ ನೋಡಿದರೆ ಎಷ್ಟು ನೊಂದುಕೊಳ್ಳುತ್ತಾರೋ ಎಂದು ಅವಳಿಗೆ ಅಳುವೇ ಬಂತು. ಹಾಳೆಯನ್ನು ದಿಂಬಿನಡಿ ತುರುಕುವಷ್ಟರಲ್ಲಿ ಅಜ್ಜಿಯೇ ಕುಂಟುತ್ತಾ ಬಂದರು. ಮಂಡಿನೋವಿಗೆಂದು ಕೈಯಲ್ಲಿ ಬಿಸಿನೀರಿನ ಚೀಲ.

"ಎಲ್ಲಿ, ನಮ್ಮಣ್ಣನ್ನ ತೋರ್ಸು."

"ಬೇಡ ಅಜ್ಜಿ, ಕೆಟ್ಟೋಗಿದೆ."

"ನನ್ನ ಮಂಡಿಗಿಂತ ಕೆಟ್ಟೋಗಿದ್ಯಾ? ಕೊಡೇ."

ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು.

"ಸಾರಿ ಅಜ್ಜಿ. ನನ್ನ ಊತಾನೂ ಸೇರ್ಸಿ ಬರೆದುಬಿಟ್ಟೆ. ಅವರ ಕೆನ್ನೆ ಹೀಗಿರ್ಲಿಲ್ಲ ಅಲ್ವಾ?"

"ಕೆನ್ನೆನೇ ಇರ್ಲಿಲ್ಲ ಕಣೇ, ಬರೀ ಮೂಳೆ. ಆಗ ಮನೇಲಿ ರೊಟ್ಟಿಗೂ ಗತಿ ಇರ್ಲಿಲ್ಲ. ಸಿಕ್ಕಿದ ತುಂಡನ್ನ ನನ್ನ ಕೈಗಿಟ್ಟು, 'ನಂದು ಊಟ ಆಯ್ತು' ಅಂತಿದ್ದ. ನಾನೊಬ್ಬಳು ಪೆದ್ದಿ, ನಂಬ್ಕೊಂಡು ತಿಂತಿದ್ದೆ."

ಅಜ್ಜಿ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಚಿತ್ರದ ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಸವರಿದರು.

"ಒಂದು ದಿನಾನೂ ಅವನು ಹೊಟ್ಟೆ ತುಂಬ ತಿಂದಿದ್ದು ನಾನು ನೋಡ್ಲಿಲ್ಲ."

ಪಿಟೀಲುವಿನ ಅಣ್ಣನ ನಗು ನಿಂತಿತ್ತು. "ಕೊಡೇ ಇಲ್ಲಿ, ಬಿಳಿ ಬಣ್ಣ ಹಚ್ಚಿ ಕೆನ್ನೆ ಸಣ್ಣ ಮಾಡಿಕೊಡ್ತೀನಿ," ಎಂದು ಕೈಚಾಚಿದ.

ಪಿಟೀಲು ಅಜ್ಜಿಯ ಮುಖ ನೋಡಿದಳು. ಹಾಳೆಯನ್ನು ಎದೆಗೆ ಅವುಚಿಕೊಂಡಳು.

"ಬೇಡ, ಇರ್ಲಿ. ಅವ್ರು ಈಗಷ್ಟೇ ಊಟ ಮುಗ್ಸಿದಾರೆ."