ಬೂಟಿನೊಳಗಿನ ಲೋಚ್ ಮೀನು

ಹೊಳೆನರಸೀಪುರದ ಸೇತುವೆಯ ಕೆಳಗೆ, ಹೇಮಾವತಿಯ ಬಂಡೆಗಳ ನಡುವೆ ಹೆಣ ಸಿಕ್ಕಿತ್ತು. ಸತ್ತವನು ಗಿರಿಧರ, ಮೀನುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಯುವಕ. ತಲೆಯ ಹಿಂಭಾಗ ಒಡೆದಿತ್ತು. ಮೊದಲು ನೋಡಿದವನು ಮೀನು ಹಿಡಿಯುವ ಬೈರಯ್ಯ.

“ಹೋದ ವಾರ ಇವನ ಜೊತೆ ಜಗಳ ಆಡಿದ್ದೆಯಂತೆ?” ಇನ್‌ಸ್ಪೆಕ್ಟರ್ ಪ್ರತಿಭಾ ಕೇಳಿದಳು.

“ಊಂ ಕಣಮ್ಮಾ. ಸಣ್ಕಣ್ಣಿನ ಬಲೇಲಿ ಮರಿ ಸಾಯ್ತವೆ ಅಂತ ಬೈದ್ರು. ಅಂಗಂತ ಜೀವ ತೆಗೆದ್ಬುಡ್ತೀನಾ?”

ಹೆಣದ ರಬ್ಬರ್ ಬೂಟು ಎಳೆದಾಗ ತುದಿಯಲ್ಲಿ ಸಿಕ್ಕಿಕೊಂಡಿದ್ದ ಬೆರಳುದ್ದದ ಮೀನೊಂದು ಬಿತ್ತು. ಬೈರಯ್ಯ ಬಗ್ಗಿ ನೋಡಿದ.

“ಇದು ನಮ್ಮೊಳೇದಲ್ಲ ಕಣಮ್ಮಾ. ಮೂವತ್ತೊರ್ಸದಿಂದ ಬಲೆ ಬಿಡ್ತಿವ್ನಿ, ಇಂಥದ್ ಕಂಡಿಲ್ಲ.”

* * *

ಗಿರಿಧರನ ಮಾರ್ಗದರ್ಶಕ ಪ್ರೊಫೆಸರ್ ಸಂಪತ್ಕುಮಾರ ಕಣ್ಣೊರೆಸಿಕೊಂಡರು.

“ನಿನ್ನೆ ಸಂಜೆ ಅವನನ್ನು ನನ್ನ ಕಾರಿನಲ್ಲಿ ತಂದು ಸೇತುವೆ ಹತ್ತಿರ ಇಳಿಸಿ ಮನೆಗೆ ಹೋದೆ. ಪಾಚಿಗೆ ಜಾರಿರಬೇಕು.”

“ನೀವಿಬ್ಬರೂ ಬೇರೆಲ್ಲಿಗೂ ಹೋಗಿರಲಿಲ್ಲವೆ?” ಪ್ರತಿಭಾ ಕೇಳಿದಳು.

“ಇಲ್ಲ.”

* * *

ಹಾಸನದ ಪ್ರಯೋಗಾಲಯದಲ್ಲಿ ಮೀನುತಜ್ಞೆ ಗೌತಮಿ ಸೂಕ್ಷ್ಮದರ್ಶಕದಿಂದ ತಲೆಯೆತ್ತಿದಳು.

“ಇದು ಲೋಚ್. ಹೊಳೆ ತಳದ ಮರಳಲ್ಲಿ ಬದುಕೋ ಮೀನು. ಗಾಳಿಚೀಲದ ಸುತ್ತಲ ಮೂಳೆಗೂಡು ಹೇಮಾವತಿಯ ಲೋಚ್‌ಗಳ ಥರ ಇಲ್ಲ. ಆದರೆ ಮೂಳೆ ಒಂದನ್ನೇ ನಂಬಬಾರದು. ಡಿಎನ್‌ಎ ನೋಡೋಣ.”

ಹತ್ತು ದಿನಕ್ಕೆ ವರದಿ ಬಂತು. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳದ ಮೀನಿಗೆ ಮಾತ್ರ ಹೊಂದಿಕೆ.

“ಇದನ್ನ ಹೊಸ ಪ್ರಭೇದ ಅಂತ ಹೋದ ತಿಂಗಳು ಪ್ರಕಟಿಸಿದ್ದು ಸಂಪತ್ಕುಮಾರ್. ಅವರೊಬ್ಬರದೇ ಹೆಸರು. ಆದರೆ ಎರಡು ವರ್ಷದ ಹಿಂದೆ ಮೊದಲ ಮೀನು ಹಿಡಿದು ನನಗೆ ತಂದುಕೊಟ್ಟವನು ಗಿರಿಧರ,” ಎಂದಳು ಗೌತಮಿ.

* * *

“ಬೂಟಿನ ಮೀನು ಅರಕಲಗೂಡಿನದು,” ಠಾಣೆಯಲ್ಲಿ ಪ್ರತಿಭಾ ಸಂಪತ್ಕುಮಾರರಿಗೆ ಹೇಳಿದಳು. “ಗಿರಿಧರ ಬಿದ್ದದ್ದು ಅಲ್ಲಿ; ಬೂಟಿಗೆ ನೀರು ನುಗ್ಗಿದಾಗ ಮೀನೂ ಸೇರಿಕೊಂಡಿದೆ. ಆ ಹಳ್ಳ ಸೇರುವುದು ಕಾವೇರಿಗೆ. ಹೆಣ ತೇಲಿ ಹೇಮಾವತಿಗೆ ಬರಲು ದಾರಿಯೇ ಇಲ್ಲ.”

“ಆ ಮೀನು ಹೇಮಾವತೀಲೂ ಇರಬಹುದು!”

“ಬೇರೆಲ್ಲೂ ಇಲ್ಲ ಅಂತ ಬರೆದವರು ನೀವೇ, ಸಾರ್. ಬೈರಯ್ಯ ಕೊಂದಿದ್ದರೆ, ಇದು ನಮ್ಮ ಹೊಳೆಯದಲ್ಲ ಅಂತ ತಾನಾಗಿ ಹೇಳುತ್ತಿರಲಿಲ್ಲ. ನಿಮ್ಮ ಕಾರಿನ ಡಿಕ್ಕಿಯಲ್ಲಿ ಸಿಕ್ಕಿದ್ದು ಗಿರಿಧರನ ರಕ್ತ.”

ಸಂಪತ್ಕುಮಾರರ ತಲೆ ತಗ್ಗಿತು.

“ನನ್ನ ಹೆಸರು ಸೇರಿಸಿ, ಇಲ್ಲಾಂದ್ರೆ ಎಲ್ಲರಿಗೂ ಹೇಳ್ತೀನಿ ಅಂದ. ಸಿಟ್ಟಲ್ಲಿ ತಳ್ಳಿದೆ. ತಲೆ ಬಂಡೆಗೆ ಬಡೀತು. ಇನ್ನೂ ಉಸಿರಿತ್ತು...”

“ಆಸ್ಪತ್ರೆಗೆ ಒಯ್ಯಲಿಲ್ಲ?”

“ಇಲ್ಲ.”

ಹೊರಗೆ ಬೆಂಚಿನ ಮೇಲೆ, ಚನ್ನರಾಯಪಟ್ಟಣದಿಂದ ಬಂದಿದ್ದ ಗಿರಿಧರನ ತಾಯಿ ಕೂತಿದ್ದರು. ಪ್ರತಿಭಾ ಟೋಪಿ ತೆಗೆದು ಅವರ ಪಕ್ಕ ಕೂತಳು. ಮಗನಿಗೆ ಇನ್ನೂ ಉಸಿರಿತ್ತು ಎಂಬುದೊಂದನ್ನು ಬಿಟ್ಟು, ನಡೆದದ್ದನ್ನೆಲ್ಲ ಹೇಳಿದಳು.