ನೆಲಕ್ಕೊಂದು ತೊಟ್ಟು

ಆಗ ನನಗೆ ಎಂಟು ವರ್ಷ. ಭಯದಲ್ಲಿ ನಾನೇ ಏನಾದರೂ ಸೇರಿಸಿಕೊಂಡಿರಬಹುದೇ ಎಂಬ ಅನುಮಾನ ಇವತ್ತಿಗೂ ಇದೆ. ಅದಕ್ಕೇ ಕಂಡಷ್ಟನ್ನು ಮಾತ್ರ ಬರೆಯುತ್ತೇನೆ.

ಪೀಣ್ಯದ ನಮ್ಮ ಬೀದಿಯ ಬಾರಿನಲ್ಲಿ ಅಪ್ಪ ಕಬಾಬ್ ಕರಿಯುತ್ತಿದ್ದರು. ಮಧ್ಯಾಹ್ನ ಅವರಿಗೆ ಊಟದ ಡಬ್ಬಿ ಒಯ್ಯುವುದು ನನ್ನ ಕೆಲಸ. ಅಲ್ಲಿ ಯಾರೇ ಆಗಲಿ, ಮೊದಲ ಗುಟುಕಿಗೆ ಮುಂಚೆ ಗ್ಲಾಸಿಗೆ ಬೆರಳದ್ದಿ ನೆಲಕ್ಕೊಂದು ತೊಟ್ಟು ಚಿಮುಕಿಸುತ್ತಿದ್ದರು.

ಲೇತ್ ಕೆಲಸಕ್ಕೆ ಹೊಸದಾಗಿ ಬಂದಿದ್ದ ಸಿದ್ರಾಮ ಅಂದು ಹಾಗೆ ಮಾಡಲಿಲ್ಲ.

"ನೆಲಕ್ಕೊಂದ್ ತೊಟ್ಟು ಬಿಡೋ ಮಗಾ," ಎಂದರು ಪಕ್ಕದಲ್ಲಿದ್ದ ಮುನಿಕೃಷ್ಣಣ್ಣ.

"ಯಾಕ್ರಿ ಅಣ್ಣಾ, ನೆಲಾ ಏನು ನಮ್ಮ ಮಾವ್ನಾ?" ಎಂದು ನಕ್ಕ ಸಿದ್ರಾಮ ಒಂದೇ ಸಲಕ್ಕೆ ಕುಡಿದುಬಿಟ್ಟ.

ಬಾಣಲೆಯ ಕೆಳಗೆ ಬೆಂಕಿ ಉರಿಯುತ್ತಲೇ ಇತ್ತು, ಆದರೆ ಎಣ್ಣೆಯ ಸದ್ದು ನಿಂತಿತು. ನನ್ನ ಕೈಯಲ್ಲಿದ್ದ ಬಿಸಿ ಡಬ್ಬಿ ತಣ್ಣಗಾಯಿತು. ಸಿದ್ರಾಮನ ಕತ್ತಿನ ಚರ್ಮ ಎರಡೂ ಕಡೆ ಒಳಕ್ಕೆ ತಗ್ಗಿತು. ಅವನ ತಲೆ ಕಲ್ಲಿನ ಕಟ್ಟೆಗೆ ಬಡಿಯಿತು, ಮತ್ತೆ ಮತ್ತೆ ಬಡಿಯಿತು. ಅವನ ಒಂದು ಹಲ್ಲು ಸಿಡಿದು ನನ್ನ ಲಂಗದ ಮೇಲೆ ಬಿತ್ತು. ಅಪ್ಪ ಓಡಿಬಂದು ಅವನನ್ನು ಎಳೆದು ಬಿಡಿಸುವಷ್ಟರಲ್ಲಿ ಜೀವ ಹೋಗಿತ್ತು.

ಕತ್ತಿನ ಮೇಲೆ ಬೆರಳಿನ ಗುರುತುಗಳಿದ್ದವು. ಅಪ್ಪನ ಕೈತುಂಬ ರಕ್ತವಿತ್ತು. "ಹಿಚುಕಿದ್ದು ನೀನೇ ಅಲ್ವೇನೋ?" ಎಂದು, ಸುದ್ದಿ ತಿಳಿದು ಬಂದ ಇನ್ಸ್‌ಪೆಕ್ಟರು ಅಪ್ಪನ ಕೆನ್ನೆಗೆ ಬಾರಿಸಿ ಜೀಪಿನ ಕಡೆ ದಬ್ಬಿದರು.

"ನಮ್ಮಪ್ಪನ ಕೈ ದೊಡ್ಡದು ಸಾರ್, ನೋಡಿ ಸಾರ್," ಎಂದು ನಾನು ಅತ್ತೆ.

ಅವರು ಅಪ್ಪನ ಬೆರಳುಗಳನ್ನು ಆ ಗುರುತುಗಳ ಮೇಲಿಟ್ಟು ನೋಡಿದರು. ಹೊಂದಲಿಲ್ಲ. ಸ್ವಲ್ಪ ಯೋಚಿಸಿ ನನ್ನ ಕೈಯನ್ನೂ ಹಿಡಿದು ಅವುಗಳ ಮೇಲಿಟ್ಟರು.

ಅಪ್ಪನನ್ನು ಬಿಟ್ಟುಬಿಟ್ಟರು. ಆ ಗುರುತುಗಳಿಗೆ ನನ್ನ ಕೈಯೂ ದೊಡ್ಡದಾಗಿತ್ತು.